ತಂಪು ಕೊಠಡಿಯಲ್ಲಿ ಕಾಗದಕ್ಕೆ ಮಾತ್ರ ಪ್ರವೇಶ

ಬಡಾವಣೆ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಬಿಸಿಲಿನಲ್ಲಿ ದುಡಿಯುವವರಿಗೆಂದು ಇರುವ ತಂಪು ಕೊಠಡಿಗೆ ನೀವು ಬೀಗ ಹಾಕಿಸಿದ್ದೀರಿ. ಹಾಕಿಸಿ, ಅದು ತೆರೆದಿದೆ ಎಂದು ಅಚ್ಚು ಮಾಡಿಸಿದ್ದೀರಿ. ಆ ಅಚ್ಚನ್ನು ನಂಬಿದ ನನ್ನ ದೊಡ್ಡಮ್ಮ, ಮುಚ್ಚಿದ ಬಾಗಿಲ ಮುಂದೆ, ಕಾದ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದಳು. ವಿಷಯ ಇಷ್ಟೇ. ಸಭೆಗೆ ಹೊತ್ತಾಗಿದ್ದರೆ ನೀವು ಇಲ್ಲಿಗೇ ನಿಲ್ಲಿಸಬಹುದು. ಬಿಡುವಿದ್ದರೆ ಮುಂದೆ ಓದಿ. ನೀವು ಅಚ್ಚು ಹಾಕಿಸಿದ್ದನ್ನು ನಾವಂತೂ ಕೊನೆಯ ಸಾಲಿನವರೆಗೆ ಓದಿದ್ದೇವೆ.

ನಾನು ಹೇಳುತ್ತಿರುವುದು ನಿಮ್ಮ ಬಡಾವಣೆ ವಾರ್ತಾಪತ್ರದ ಈ ಬೇಸಿಗೆಯ ಸಂಚಿಕೆಯ ಬಗ್ಗೆ. ಎಂಥ ಸಂಚಿಕೆ! ನುಣುಪಾದ ಕಾಗದ, ತುಂಬಾ ಬಣ್ಣ. ಮುಖಪುಟದಲ್ಲಿ ನೀವು ಸಸಿಯೊಂದಕ್ಕೆ ನೀರು ಹಾಕುತ್ತಿದ್ದೀರಿ. ಸಸಿ ಈಗ ಇಲ್ಲ, ಫೋಟೊ ಚೆನ್ನಾಗಿದೆ. ಒಳಗಿನ ಪುಟದಲ್ಲಿ ನಿವಾಸಿಗಳಿಗೆ ಸಲಹೆಗಳು: ಮಧ್ಯಾಹ್ನ ಮನೆಯಿಂದ ಹೊರಬರಬೇಡಿ, ನೆರಳಿನಲ್ಲಿ ವಿಶ್ರಾಂತಿ ಪಡೆಯಿರಿ, ಸಡಿಲವಾದ ಹತ್ತಿಬಟ್ಟೆ ಧರಿಸಿ. ಇದನ್ನು ಓದಿ ರಸ್ತೆ ಅಗೆಯುವವರು, ತಳ್ಳುಗಾಡಿಯವರು, ಮಹಡಿ ಮಹಡಿಗೆ ಸಿಲಿಂಡರ್ ಹೊರುವವರು ಎಷ್ಟು ಹಿಗ್ಗಿರಬೇಕು! ಲೋಕದಲ್ಲಿ ವಿಶ್ರಾಂತಿ ಎಂಬುದೊಂದು ಇದೆಯೆಂದು ಇಷ್ಟು ದಿನ ಅವರಿಗೆ ಯಾರೂ ಹೇಳಿರಲಿಲ್ಲ ನೋಡಿ. ಅದರ ಕೆಳಗೇ ನಮ್ಮ ಕಥೆ ಇದೆ. “ಸಮುದಾಯ ಭವನದ ಓದುವ ಕೊಠಡಿಯನ್ನು ತಂಪು ಕೊಠಡಿಯಾಗಿ ಮಾರ್ಪಡಿಸಲಾಗಿದ್ದು, ಹಿರಿಯರಿಗೂ ಬಿಸಿಲಿನಲ್ಲಿ ದುಡಿಯುವವರಿಗೂ ಪ್ರತಿ ಮಧ್ಯಾಹ್ನ ತೆರೆದಿರುತ್ತದೆ. ಫ್ಯಾನು, ಕುಡಿಯುವ ನೀರು ಹಾಗೂ ಮಂಚಗಳ ವ್ಯವಸ್ಥೆ ಇದೆ. ಹೆಚ್ಚಿನ ಮಾಹಿತಿಗೆ ಸಹಾಯವಾಣಿಯನ್ನು ಸಂಪರ್ಕಿಸಿ.”

ನನ್ನ ದೊಡ್ಡಮ್ಮನ ಪರಿಚಯ ನಿಮಗಿದೆ, ಮುಖದಿಂದಲ್ಲದಿದ್ದರೂ ಅಂಗಿಗಳಿಂದ. ಮುಖ್ಯರಸ್ತೆಯ ತಿರುವಿನಲ್ಲಿ ತಗಡಿನ ಚಾವಣಿಯ ಕೆಳಗಿರುವ ಇಸ್ತ್ರಿ ಅಂಗಡಿ ಅವಳದು. ತಲೆಯ ಮೇಲೆ ಕಾದ ತಗಡು, ಕೈಯಲ್ಲಿ ಕೆಂಡ ತುಂಬಿದ ಪೆಟ್ಟಿಗೆ, ನಡುವೆ ಅವಳು. ಮುಖಪುಟದಲ್ಲಿ ಸಸಿ ಬಾಗಿದ್ದರೂ ನಿಮ್ಮ ಬಿಳಿ ಅಂಗಿಯ ಕಾಲರ್ ಮಾತ್ರ ನೆಟ್ಟಗೆ ನಿಂತಿದೆಯಲ್ಲ, ಅದು ಅವಳ ಕೈಯದು. ಈ ಬೇಸಿಗೆಯಲ್ಲಿ ಅವಳಿಗೆ ಮತ್ತೆ ಮತ್ತೆ ತಲೆ ಸುತ್ತಿತು. ಡಾಕ್ಟರು ಎರಡೇ ದಾರಿ ಹೇಳಿದರು: ಮಧ್ಯಾಹ್ನದ ಹೊತ್ತು ತಂಪಾದ ಕಡೆ ಮಲಗಬೇಕು, ಇಲ್ಲವಾದರೆ ಅಂಗಡಿ ಮುಚ್ಚಬೇಕು. ನಾವಿರುವುದು ಒಂದೇ ಕೋಣೆಯ ಮನೆ, ಅದಕ್ಕೂ ತಗಡಿನ ಚಾವಣಿ. ಅಂಗಡಿ ಮುಚ್ಚಿದರೆ ಒಲೆ ಹೊತ್ತುವುದಿಲ್ಲ.

ಅಂಥ ಹೊತ್ತಿನಲ್ಲಿ ಭವನದ ಸೂಚನಾಫಲಕದಲ್ಲಿ ನಿಮ್ಮ ವಾರ್ತಾಪತ್ರದ ಒಂದು ಪ್ರತಿ ಕಾಣಿಸಿತು. ನಾನೇ ಓದಿ ಹೇಳಿದೆ.

“ನೋಡಿದ್ಯಾ, ಸಾಹೇಬ್ರು ನಮ್ಮಂಥೋರನ್ನೂ ನೆನೆಸ್ಕೊಂಡಿದಾರೆ. ನೀನು ಸುಮ್ನೆ ಬೈತಿರ್ತೀಯ” ಎಂದಳು ದೊಡ್ಡಮ್ಮ. ಆಮೇಲೆ ದನಿ ತಗ್ಗಿಸಿ, “ಮಂಚಾನೂ ಇದೆಯಂತಾ?” ಎಂದಳು.

“ಇದೆಯಂತೆ.”

“ಹಾಗಾದ್ರೆ ಬೇಗ ಹೋಗ್ಬೇಕು ಕಣೆ. ಫ್ಯಾನ್ ಕೆಳಗಿಂದು ಯಾರಾದ್ರೂ ಹಿಡ್ಕೊಂಡ್ಬಿಡ್ತಾರೆ.”

ಹೋದಳು. ಬೀಗ. ಮೆಟ್ಟಿಲ ಮೇಲೆ ಕೂತು ಕಾದು ಬಂದಳು. “ಊಟಕ್ಕೆ ಹೋಗಿರ್ತಾರೆ, ಅವರಿಗೂ ಹೊಟ್ಟೆ ಇಲ್ವಾ?” ಎಂದಳು. ಮರುದಿನವೂ ಹೋದಳು. “ಬೀಗದ ಕೈ ಇರೋನು ರಜೆ ಇರ್ಬೇಕು.” ಅದರ ಮರುದಿನವೂ ಹೊರಟಾಗ ನನಗೆ ರೇಗಿತು. “ಅದು ತೆಗೆಯಲ್ಲ ದೊಡ್ಡಮ್ಮ, ಸುಮ್ನೆ ಮನೇಲಿರು” ಎಂದೆ. “ಅಚ್ಚಾಗಿದೆ ಅಂದ್ಮೇಲೆ ತೆಗೀದೆ ಏನ್ ಮಾಡ್ತಾರೆ? ನೀನೊಬ್ಳು” ಎಂದು ಚಪ್ಪಲಿ ಮೆಟ್ಟಿಕೊಂಡಳು. ಮಾನ್ಯರೇ, ನಿಮ್ಮ ಕಚೇರಿಯ ಮೇಲೆ ಇಷ್ಟು ನಂಬಿಕೆ ನಿಮ್ಮ ಸ್ವಂತ ಮನೆಯಲ್ಲೂ ಯಾರಿಗೂ ಇರಲಾರದು.

ಅಂದು ಮಧ್ಯಾಹ್ನ ಭವನದ ಎದುರು ಚಪ್ಪಲಿ ಹೊಲಿಯುವ ತಾತ ನನ್ನನ್ನು ಕೂಗಿದ. ಓಡಿದೆ. ದೊಡ್ಡಮ್ಮ ಮೆಟ್ಟಿಲ ಮೇಲೆ ಅಡ್ಡಲಾಗಿ ಬಿದ್ದಿದ್ದಳು, ಕೆನ್ನೆ ಕಲ್ಲಿಗೆ ಒತ್ತಿಕೊಂಡಿತ್ತು. ತಾತ ತನ್ನ ಬಾಟಲಿಯ ನೀರನ್ನು ಅವಳ ನೆತ್ತಿಗೆ ಸುರಿಯುತ್ತಿದ್ದ. ನಾನು ಒಳ್ಳೆಯ ನಾಗರಿಕಳ ಹಾಗೆ ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಬೀಗ ಹಾಕಿದ ಬಾಗಿಲ ಹಿಂದೆ ಫೋನು ಟ್ರಿಣ್ ಟ್ರಿಣ್ ಎನ್ನತೊಡಗಿತು.

“ತಾಳಮ್ಮ, ಒಳಗೆ ಫೋನ್ ಹೊಡ್ಕೊತಿದೆ. ಯಾರಾದ್ರೂ ಎತ್ತೋಕೆ ಬಂದೇ ಬರ್ತಾರೆ” ಎಂದ ತಾತ.

“ತಾತ, ಅದು ನಾನೇ ಮಾಡ್ತಿರೋದು.”

ತಾತ ನನ್ನನ್ನೂ ಬಾಗಿಲನ್ನೂ ಒಂದು ಸಲ ನೋಡಿದ. “ಹಾಗಾದ್ರೆ ಎತ್ತೋಳೂ ನೀನೇ ಆಗ್ಬೇಕಲ್ಲಮ್ಮ” ಎಂದ.

ಆಟೊ ಬರುವಷ್ಟರಲ್ಲಿ ನಾನು ಕಿಟಕಿಯ ಸರಳು ಹಿಡಿದು ಇಣುಕಿದೆ. ಕೊಠಡಿ ಖಾಲಿ ಇರಲಿಲ್ಲ. ಸುಳ್ಳೇಕೆ ಹೇಳಲಿ, ನೀವು ಅಚ್ಚು ಹಾಕಿಸಿದ್ದೆಲ್ಲ ಅಲ್ಲಿತ್ತು. ಮಂಚಗಳಿದ್ದವು. ಮಂಚಗಳ ಮೇಲೆ, ಒಂದರ ಮೇಲೊಂದು, ಹಗ್ಗ ಬಿಗಿದ ಕಟ್ಟುಗಳು ಆರಾಮಾಗಿ ಮಲಗಿದ್ದವು. ಪ್ರತಿ ಕಟ್ಟಿನ ಮೇಲೂ ನೀವು ಸಸಿಗೆ ನೀರು ಹಾಕುತ್ತಿದ್ದಿರಿ. ಕೊಠಡಿ ತೆರೆದಿದೆ ಎಂದು ಸಾರುವ ವಾರ್ತಾಪತ್ರಗಳೇ ಕೊಠಡಿಯನ್ನು ತುಂಬಿಕೊಂಡಿದ್ದವು. ಮೇಲೆ ಫ್ಯಾನು ತಿರುಗುತ್ತಿತ್ತು.

ಮರುದಿನ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ಕೆಟ್ಟವರಲ್ಲ, ಕುರ್ಚಿ ತೋರಿಸಿದರು.

“ಕೊಠಡಿ ತೆಗೆಸಿ ಸಾರ್.”

“ತೆಗೆಯೋಕೇನಮ್ಮ, ಒಳಗೆ ಕಾಲಿಡೋಕೆ ಜಾಗ ಇಲ್ಲ. ವಾರ್ತಾಪತ್ರ ಇದೆ.”

“ಹಂಚಿಬಿಡಿ.”

“ಬಿಡುಗಡೆ ಸಮಾರಂಭ ಆಗದೆ ಹೇಗಮ್ಮ ಹಂಚೋದು? ದೊಡ್ಡೋರು ಬರ್ಬೇಕು, ರಿಬ್ಬನ್ ಬಿಚ್ಬೇಕು. ಈ ಬಿಸಿಲಲ್ಲಿ ಅವರು ಎಲ್ಲಿ ಬರ್ತಾರೆ? ಸ್ವಲ್ಪ ತಂಪಾಗ್ಲಿ.”

“ಬೇರೆ ಕಡೆ ಇಡಿ.”

“ಅದು ನುಣುಪು ಕಾಗದ. ಸೆಕೆಗೆ ಒಂದಕ್ಕೊಂದು ಅಂಟ್ಕೊಳ್ಳತ್ತೆ. ತಂಪಾದ ಜಾಗವೇ ಬೇಕು. ನಮ್ಮ ಹತ್ರ ಇರೋ ತಂಪು ಜಾಗ ಅದೊಂದೇ.” ಹೇಳಿ ಮುಗಿಸಿದ ಮೇಲೆ ಅವರಿಗೇ ನಗು ಬಂತು. ನನ್ನ ಮುಖ ನೋಡಿ ನುಂಗಿಕೊಂಡರು.

ಸೆಕೆಗೆ ಕಾಗದ ಅಂಟಿಕೊಳ್ಳುತ್ತದೆ ಎಂಬುದು ನಿಮ್ಮ ಕಚೇರಿಗೆ ಹೊಳೆದಿದೆ. ಸೆಕೆಗೆ ಮನುಷ್ಯರು ಏನಾಗುತ್ತಾರೆ ಎಂಬುದು ಏಕೆ ಹೊಳೆಯಲಿಲ್ಲ? ಬೇಸಿಗೆಯ ಸಂಚಿಕೆ ಬಿಡುಗಡೆಯಾಗಲು ಬೇಸಿಗೆ ಮುಗಿಯಬೇಕು ಎಂದಾದರೆ ಅದನ್ನು ಬರೆದದ್ದು ಯಾರಿಗಾಗಿ? ನಿವಾಸಿಗಳಿಗೆ ಸೌಲಭ್ಯವೋ, ಸೌಲಭ್ಯದ ಸುದ್ದಿಗೆ ಸೌಲಭ್ಯವೋ? ನಾನು ಹೆಚ್ಚು ಓದಿದವಳಲ್ಲ. ಶಾಲೆ ಬಿಟ್ಟ ಮೇಲೆ ಓದಿದ್ದೆಲ್ಲ ಅದೇ ಕೊಠಡಿಯಲ್ಲಿ, ಅದು ಇನ್ನೂ ಓದುವ ಕೊಠಡಿಯಾಗಿದ್ದಾಗ, ಮೂಲೆಯ ಕಪಾಟಿನಲ್ಲಿದ್ದ ಕಿರುಹೊತ್ತಿಗೆಗಳಿಂದ. ಸಾರ್ವಜನಿಕ ಆಸ್ತಿ ಎಂದರೆ ಕಚೇರಿಯದ್ದಲ್ಲ, ಕಚೇರಿ ಅದರ ಕಾವಲಿಗೆ ಮಾತ್ರ ಎಂದು ಅವುಗಳಲ್ಲಿ ಬರೆದಿತ್ತು. ನಾನೂ ದೊಡ್ಡಮ್ಮನ ಹಾಗೆಯೇ, ಅಚ್ಚಾಗಿದ್ದನ್ನು ನಂಬಿದವಳು. ಒಂದೇ ವ್ಯತ್ಯಾಸ: ಅವಳು ಮೆಟ್ಟಿಲ ಮೇಲೆ ಕೂತು ಕಾಯುತ್ತಾಳೆ, ನಾನು ಕಾಯುವುದಿಲ್ಲ.

ದೊಡ್ಡಮ್ಮ ಬದುಕಿದ್ದಾಳೆ. ಒದ್ದೆ ಬಟ್ಟೆ ಹೊದ್ದು, ಕಾದ ತಗಡಿನ ಕೆಳಗೆ ಮಲಗಿದ್ದಾಳೆ. ಮಧ್ಯಾಹ್ನ ಮಲಗಲು ತಂಪಾದ ಜಾಗ ಸಿಗುವವರೆಗೆ ಕೆಂಡದ ಹತ್ತಿರ ಹೋಗಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅಂಗಡಿಗೆ ಗೋಣಿತಾಟು ಇಳಿಬಿಟ್ಟಿದ್ದೇವೆ. ಅವಳಿಗೆ ಚಿಂತೆ ಬೇರೆ. “ಸಾಹೇಬ್ರ ಅಂಗಿ ಹಾಗೇ ಬಿದ್ದಿದೆ ಕಣೆ. ಪಾಪ, ಸಭೆಗೆ ಏನ್ ಹಾಕ್ಕೊಂಡ್ ಹೋಗ್ತಾರೆ? ನೀನಾದ್ರೂ ಎರಡು ಗೆರೆ ಎಳೆದು ಕೊಟ್ಟು ಬಾ.” ನಾನು ಎಳೆಯಲಿಲ್ಲ. ನಿಮ್ಮ ಬಿಳಿ ಅಂಗಿಗಳು ಮುದ್ದೆಯಾಗಿ ನನ್ನ ಬಳಿ ಇವೆ. ಕ್ಷೇಮವಾಗಿವೆ. ಸೆಕೆಗೆ ಅಂಟಿಕೊಂಡಿಲ್ಲ.

ಆದ್ದರಿಂದ ನನ್ನ ಬೇಡಿಕೆ, ವಿನಂತಿಯಲ್ಲ: ಕಟ್ಟುಗಳನ್ನು ಹೊರಗೆ ಹಾಕಿ, ಕೊಠಡಿ ತೆರೆಯಿರಿ, ಮಳೆ ಬೀಳುವವರೆಗೆ ಪ್ರತಿ ಮಧ್ಯಾಹ್ನ ತೆರೆದಿಡಿ, ಫೋನಿನ ಪಕ್ಕದಲ್ಲಿ ಜೀವ ಇರುವ ಒಬ್ಬರನ್ನು ಕೂರಿಸಿ. ಕಟ್ಟು ಹೊರಲು ಆಳಿಲ್ಲ ಎನ್ನಬೇಡಿ, ನಾವು ಹೊರುತ್ತೇವೆ. ತಳ್ಳುಗಾಡಿಯವರು ಗಾಡಿ ತರುತ್ತಾರೆ, ಚಪ್ಪಲಿ ಹೊಲಿಯುವ ತಾತ ಹಗ್ಗ ಕತ್ತರಿಸುತ್ತಾನೆ, ಸಂಜೆಯೊಳಗೆ ಮನೆಮನೆಗೂ ಹಂಚಿ ಮುಗಿಸುತ್ತೇವೆ. ಬಿಡುಗಡೆ ಸಮಾರಂಭ ಬೇಕೇ ಬೇಕೆಂದರೆ ಅದನ್ನೇ ಬಿಡುಗಡೆ ಎನ್ನೋಣ. ರಿಬ್ಬನ್ ನೀವೇ ತನ್ನಿ.

ಬರುವ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಭವನದ ಮೆಟ್ಟಿಲ ಬಳಿ ಸೇರುತ್ತೇವೆ. ದೊಡ್ಡಮ್ಮನೂ ಗಾಡಿಯಲ್ಲಿ ಕೂತು ಬರುತ್ತಾಳೆ. ನಿಮ್ಮ ಅಂಗಿಗಳನ್ನು ಅಲ್ಲಿಯೇ ಕೊಡುತ್ತೇವೆ. ನೀವು ಬರುತ್ತೀರಾ ಎಂದು ನಿನ್ನೆ ಅವಳು ಕೇಳಿದಳು. ಗೊತ್ತಿಲ್ಲ ಎಂದೆ. ಊಟಕ್ಕೆ ಹೋಗಿರ್ತಾರೆ ಎಂದು ಈ ಸಲ ಅವಳು ನಿಮ್ಮ ಪರ ವಹಿಸಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ಊಟ ಮುಗಿಸಿಕೊಂಡೇ ಬನ್ನಿ. ಗುರುವಾರ, ಎರಡು ಗಂಟೆ. ಬೀಗದ ಕೈ ಮರೆಯಬೇಡಿ.

ಇಂತಿ,
ನಿಮ್ಮ ಬಿಳಿ ಅಂಗಿಗಳ ಹಂಗಾಮಿ ಉಸ್ತುವಾರಿ,
ಇಸ್ತ್ರಿ ಅಂಗಡಿಯವಳ ತಂಗಿಯ ಮಗಳು