ಆಮೇಲೆ ಹೇಳ್ತೀನಿ ಅಂದವರಿಗೆ

ಗದಗ, ಫೆಬ್ರವರಿ ೩೦, ೨೨೪೧

ಮಹಾನುಭಾವರೇ, ವಿ.ಬಿ. ಎಂಬ ಎರಡೇ ಅಕ್ಷರದ ಮಹಾನುಭಾವರೇ! ನನ್ನ ಮಾತಿನಲ್ಲಿ ತಮಗೆ ತಿಳಿಯದ ಪದ ಬಂದರೆ ಕ್ಷಮೆಯಿರಲಿ. ತಾರೀಕು ನೋಡಿ ಬೆಚ್ಚಬೇಡಿ. ಫೆಬ್ರವರಿಗೆ ಎರಡು ದಿನ ಸೇರಿಸಿದವರು ನಾವೇ. ಇಪ್ಪತ್ತೊಂಬತ್ತು ತಾಲೀಮಿಗೆ, ಮೂವತ್ತು ತೇಪೆಗೆ. ತಾಲೀಮಿನ ದಿನ ನಕಲಿ ಸರ್ವರ್ ಕಂಪ್ಯೂಟರಿಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿ ಆಡಿಸಿ ನೋಡುತ್ತೇವೆ. ತೇಪೆಯ ದಿನ ಅಸಲಿಯನ್ನು ನಿಲ್ಲಿಸಿ, ಹಾಕಿ, ಎಬ್ಬಿಸುತ್ತೇವೆ. ಅಂದು ಶಾಲೆಯಿಲ್ಲ, ಮದುವೆಯಿಲ್ಲ, ಒಲೆ ಹಚ್ಚುವಂತಿಲ್ಲ. ಜನ ತಣ್ಣನೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಾತು ಕಡಿಮೆ ಮಾಡಿ ಕೂರುತ್ತಾರೆ. ಯಾಕೆಂದರೆ ನಾವು ಬಿಸಿಲಿಗೆ ಹೆದರಿ ನೆಲದಡಿಯ ಓಣಿಗಳಲ್ಲಿ ಬದುಕುವವರು. ಓಣಿ ಓಣಿಗೂ ಗಾಳಿ ಹಂಚುವುದು ಆ ಸರ್ವರೇ. ಅದು ನಿಂತ ಹನ್ನೊಂದು ನಿಮಿಷ ಊರೆಲ್ಲ ಉಳಿದ ಗಾಳಿಯಲ್ಲೇ ಉಸಿರಾಡಬೇಕು. ನಾನು ಗುರುಶಿದ್ದ, ಅದರ ತೇಪೆಗಾರ.

ಈಗ ಕೇಳಿ ಸಂಕಟವನ್ನು! ಒಂದು ತಿಂಗಳಿಂದ ಈ ಸರ್ವರು ಮರೆಗುಳಿಯಾಗಿದೆ. ಒಂದೊಂದು ದಿನ ಒಂದೊಂದು ಓಣಿಗೆ ಗಾಳಿ ಬಿಡುವುದನ್ನೇ ಮರೆಯುತ್ತದೆ. ಮುಂದಿನ ಸರದಿ ಯಾವ ಓಣಿಯದೋ ಯಾರೂ ಹೇಳಲಾರರು. ಮೊನ್ನೆ ನನ್ನ ತಂಗಿ ಶಾಂತಲಿಂಗವ್ವನ ಓಣಿ, ಹದಿನಾಲ್ಕು ನಿಮಿಷ. ಆಕೆಯ ಕೂಸು ಹುಟ್ಟಿ ಹತ್ತೊಂಬತ್ತು ದಿನ. “ಅಣ್ಣಾ, ಕೂಸಿನ ತುಟಿ ನೀಲಿ ಆಗಿದ್ವು. ನಿನ್ನ ಸರ್ವರಿಗೆ ಮರೆವು, ನಿನಗೇನು ಬ್ಯಾನಿ?” ಎಂದಳು.

ಮದ್ದು ಸಿದ್ಧವಿದೆ. ತಾಲೀಮಿನಲ್ಲಿ ಹೊಸ ಆವೃತ್ತಿ ಒಂಬತ್ತು ಸಲ ಗೆದ್ದಿದೆ. ಆದರೆ ತಾಲೀಮಿನಲ್ಲಿ ಉಸಿರಾಡುವವರಿಲ್ಲ. ಆ ಆವೃತ್ತಿ ಅಸಲಿಯ ಒಳಗೆ ಹೋಗಬೇಕಾದರೆ ಒಂದು ಹಳೆಯ ಕಡತದ ಬೀಗ ತೆಗೆಯಬೇಕು. ಆ ಬೀಗದ ಪಕ್ಕ ತಾವು ಬರೆದಿಟ್ಟ ಸಾಲು: “ಸದ್ಯಕ್ಕೆ ಇದನ್ನು ಅಪ್‌ಡೇಟ್ ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ವಿ.ಬಿ.”

ಇನ್ನೂರ ಹದಿನೈದು ವರ್ಷವಾಯಿತು, ಸ್ವಾಮಿ! ಏಳು ತಲೆಮಾರಿನ ತೇಪೆಗಾರರು ಆ ಸಾಲಿಗೆ ಕೈಮುಗಿದು ಹಿಂದೆ ಸರಿದಿದ್ದಾರೆ. ನಮ್ಮ ಮೇಲಧಿಕಾರಿ ಗಂಗವ್ವಕ್ಕ ಮಾತ್ರ ನಗುತ್ತಾಳೆ: “ನಿಮ್ಮ ವಿ.ಬಿ. ಚಾ ಕುಡಿಯಾಕ ಹೋಗ್ಯಾನಲೇ ತಮ್ಮಾ, ಇನ್ನೂ ಬಂದಿಲ್ಲ!”

ನನಗೆ ನಗು ಬರುತ್ತಿಲ್ಲ. ತಾವು ಹೆದರಿದ್ದು ಯಾವುದಕ್ಕೆ? ಸರ್ವರು ಮತ್ತೆ ಏಳುವುದೇ ಇಲ್ಲವೆಂದೇ? ಅಥವಾ ಅಂದು ಶುಕ್ರವಾರದ ಸಂಜೆ, ಮನೆಗೆ ಹೋಗುವ ಆತುರ, ಅಷ್ಟೇ ಏನು? ಮೊದಲನೆಯದಾದರೆ ಬೀಗ ತೆಗೆದು ನಾನು ಊರನ್ನೇ ಕೊಲ್ಲುತ್ತೇನೆ. ಎರಡನೆಯದಾದರೆ, ತೆಗೆಯದೆ ಒಂದೊಂದೇ ಓಣಿಯನ್ನು ಕೊಲ್ಲುತ್ತೇನೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕೆಟ್ಟರೆ ಹಿಂದಿರುಗಲೆಂದು ಹಳೆಯ ಆವೃತ್ತಿಯ ಪ್ರತಿ ಮೂರು ಕಡೆ ಇಟ್ಟಿದ್ದೇನೆ. ಇದೆಯೋ ಇಲ್ಲವೋ ಎಂದು ನಾಲ್ಕನೆಯ ಸಲ ನೋಡಿ ಬಂದೆ.

ಆದ್ದರಿಂದ ಒಂದು ಬೇಡಿಕೆ. ಈ ಕಾಗದ ತಲುಪಿದರೆ ಆ ಸಾಲಿನ ಪಕ್ಕ ಕಾರಣವನ್ನು ಬರೆಯಿರಿ. ನಾಚಿಕೆಯ ಕಾರಣವಾದರೂ ಸರಿ. ತಾವು ಬರೆದ ಕ್ಷಣವೇ ಅದು ಇನ್ನೂರು ವರ್ಷ ಹಳೆಯದಾಗಿ ನನ್ನ ಪರದೆಯ ಮೇಲೆ ಕಾಣಬೇಕು. ನೋಡುತ್ತಲೇ ಇದ್ದೇನೆ.

ಕಾಣಲಿಲ್ಲ.

ಬೆಳಗಿನ ಹನ್ನೊಂದಾಯಿತು, ಇನ್ನು ಕಾಯಲಾರೆ. ಬೀಗ ತೆಗೆಯುತ್ತಿದ್ದೇನೆ. ಯಾಕೆ ತೆಗೆದೆನೆಂದು ಅಲ್ಲೇ ಬರೆದು, ಪೂರ್ತಿ ಹೆಸರು, ಓಣಿ, ಮನೆ ನಂಬರು ಹಾಕಿದ್ದೇನೆ. ತಪ್ಪಾದರೆ ಬಯ್ಯಲು ಜನಕ್ಕೆ ಒಬ್ಬ ಮನುಷ್ಯನಾದರೂ ಸಿಗಲಿ.

ಗುರುಶಿದ್ದ ಚನ್ನವೀರಪ್ಪ ರೋಣದ
ಹೊಂಬಳ ಓಣಿ, ಮನೆ ನಂ. ೪೬