ನಾಶಪಟ್ಟಿಯ ನಲವತ್ತೊಂದನೇ ಟೇಬಲ್

ಗುಂಡ್ಲುಪೇಟೆ
9-6-2025, ಸೋಮವಾರ

ಮಗಳೇ ಮಧು,

ನಿನ್ನ ಅಪ್ಪಾಜಿಯ ಆಶೀರ್ವಾದಗಳು. ಹೇಗಿದ್ದೀಯಮ್ಮ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಎದ್ದಿದ್ದ ಬೊಬ್ಬೆ ಒಣಗಿತೆ? ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿಕೊಳ್ಳಬೇಕಂತೆ, ಅಮ್ಮ ಎರಡು ಸಲ ಹೇಳಿದ್ದಾಳೆ, ಮೂರನೇ ಸಲ ಹೇಳುವ ಮೊದಲೇ ಬರೆದುಬಿಟ್ಟಿದ್ದೇನೆ. ಪೊಲೀಸ್ ತರಬೇತಿಯಲ್ಲಿ ಫೋನ್ ಇಸಿದುಕೊಂಡು ಭಾನುವಾರ ಮಾತ್ರ ಐದು ನಿಮಿಷ ಕೊಡುವುದರಿಂದ ನನಗೆ ಮತ್ತೆ ಕಾಗದ ಬರೆಯುವ ಯೋಗ ಬಂದಿದೆ. ಅಕ್ಷರ ಸ್ವಲ್ಪ ಸೊಟ್ಟಗಿದ್ದರೆ ವಯಸ್ಸಾಯಿತು ಎಂದುಕೊಳ್ಳಬೇಡ, ಕಾರಣ ಮುಂದೆ ಬರೆಯುತ್ತೇನೆ. ಮೊನ್ನೆ ಹಂಗಳದಿಂದ ನಿನ್ನ ಸೋಮಶೇಖರ್ ಮಾವ ಬಂದು ಒಂದು ಚೀಲ ಬೀನ್ಸ್ ಕೊಟ್ಟುಹೋದ. ನಮ್ಮಿಬ್ಬರಿಗೆ ಅಷ್ಟೊಂದು ಯಾತಕ್ಕೆ, ಅಕ್ಕಪಕ್ಕದ ಮನೆಗೆಲ್ಲ ಹಂಚಿದೆ.

ನೀನು ಹೊರಡುವ ದಿನ ಟ್ರಂಕಿಗೆ ಬೀಗ ಹಾಕುತ್ತಾ ಒಂದು ಕೆಲಸ ಹೇಳಿದ್ದೆ. ಕಂಪ್ಯೂಟರಿನಲ್ಲಿ ಗುಂಡು ಉರುಳಿಸಿ ಆಡುವ ಪಿನ್‌ಬಾಲ್ ಟೇಬಲ್‌ಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ, ಆಟ ಓಡಿಸುವ ಸಾಫ್ಟ್‌ವೇರ್ ಹಳೆಯದೊಂದು ಹೊಸದೊಂದು ಇದೆ, ಯಾವುದು ಯಾವುದರಲ್ಲಿ ಓಡುತ್ತದೋ ಆ ಫೋಲ್ಡರಿಗೆ ಸೇರಿಸಿಡಿ ಅಪ್ಪಾಜಿ ಅಂದೆ. ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಚಾಮರಾಜನಗರದ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಡತ ಜೋಡಿಸಿದವನಿಗೆ ನಿವೃತ್ತಿಯಾದ ಮೇಲೆ ಮೊದಲ ಸಲ ಯಾರೋ ಕಡತ ಒಪ್ಪಿಸಿದ್ದರು. ನೂರಾ ಹದಿನೆಂಟು ಟೇಬಲ್, ಒಂದೊಂದೂ ಒಂದು ಆಟ. ಒಂದೊಂದಕ್ಕೂ ಅದೇ ಹೆಸರಿನ ಚಿತ್ರದ ಫೈಲು ಬೇರೆ. ಒಂದಕ್ಷರ ತಪ್ಪಿದರೂ ಒಂದನ್ನೊಂದು ಗುರುತು ಹಿಡಿಯುವುದಿಲ್ಲ ಎಂದಿದ್ದೆಯಲ್ಲ, ಅದನ್ನು ಚೀಟಿ ಬರೆದು ಗೋಡೆಗೆ ಅಂಟಿಸಿಕೊಂಡೇ ಕೂತೆ. ಒಂದಕ್ಷರವನ್ನೂ ತಪ್ಪಿಸಲಿಲ್ಲ.

ಆದರೂ ಎಡವಟ್ಟಾಯಿತು ಮಗಳೇ. ನಮ್ಮ ರೆಕಾರ್ಡ್ ರೂಮಿನಲ್ಲಿ ಒಂದೇ ಹೆಸರಿನ ಎರಡು ಕಡತ ಬಂದರೆ ಹೊಸದು ಉಳಿಯುತ್ತದೆ, ಹಳೆಯದು ನಾಶಪಟ್ಟಿಗೆ ಹೋಗುತ್ತದೆ. ಪಟ್ಟಿ ಮಾಡದೆ ಒಂದು ಹಾಳೆಯನ್ನೂ ಸುಡುವಂತಿಲ್ಲ. ನಾನೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಕ್ರಮಸಂಖ್ಯೆ, ಹೆಸರು, ತಾರೀಖು, ಷರಾ ಎಂದು ಬರೆದು, ಒಂದೇ ಹೆಸರಿನಲ್ಲಿ ಎರಡಿದ್ದ ಕಡೆಯೆಲ್ಲ ಹಳೆಯದನ್ನು ಅಳಿಸಿದೆ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ ಕೆಳಗೆ ರುಜು ಹಾಕಿದೆ. ನಲವತ್ತೊಂದನೆಯದು 'ಅಮ್ಮ'. ಹೊಸ ಫೋಲ್ಡರಿನಲ್ಲೂ 'ಅಮ್ಮ' ಇತ್ತಲ್ಲ ಎಂದು ಧೈರ್ಯವಾಗಿ ಅಳಿಸಿಬಿಟ್ಟೆ. ಹೊಸದು ನೀನು ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದು ಎಂದು ನನಗೆ ಹೊಳೆಯಲೇ ಇಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆದರೆ ಎದೆಯ ಭಾರ ಇಳಿಯಬಹುದೆಂದು. ಆ ಹಳೆಯದರಲ್ಲಿ ನೀನು ಪರದೆಯ ಮೇಲಿನ ಮೇಜಿನ ಇಳಿಜಾರು ಕಡಿಮೆ ಮಾಡಿ, ಗುಂಡು ನಿಧಾನವಾಗಿ ಉರುಳುವಂತೆ ಮಾಡಿದ್ದೆ, ಲಕ್ವ ಹೊಡೆದ ಅಮ್ಮನ ಎಡಗೈಗೆಂದೇ. ಗುಂಡು ಕೆಳಗೆ ಬಂದಾಗ ಎಡತುದಿಯ ಶಿಫ್ಟ್ ಕೀ ಒತ್ತಬೇಕು, ರೆಕ್ಕೆಯಂಥ ಪಟ್ಟಿ ಎದ್ದು ಗುಂಡನ್ನು ಮೇಲಕ್ಕೆ ಹೊಡೆಯುತ್ತದೆ. ಮೊದಮೊದಲು ಇಡೀ ಅಂಗೈಯನ್ನೇ ಅದರ ಮೇಲೆ ಕೆಡವುತ್ತಿದ್ದಳು. ದೀಪಾವಳಿ ಹೊತ್ತಿಗೆ ಹೆಬ್ಬೆರಳಲ್ಲಿ ಒತ್ತಿದಳು, ಯುಗಾದಿ ಹೊತ್ತಿಗೆ ಕಿರುಬೆರಳಲ್ಲಿ. ಡಾಕ್ಟರು ಹೇಳಿದ ವ್ಯಾಯಾಮಕ್ಕೆಲ್ಲ ಮುಖ ತಿರುಗಿಸುವವಳು ಇದನ್ನು ಮಾತ್ರ ಬೆಳಿಗ್ಗೆ ಸಂಜೆ ಬಿಡದೆ ಆಡಿದಳು. ಕಳೆದ ತಿಂಗಳು ಇಪ್ಪತ್ತೊಂಬತ್ತಕ್ಕೆ ಹೊಸದನ್ನು ತೆರೆದುಕೊಟ್ಟೆ. ಗುಂಡು ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. "ಇದು ನಮ್ಮ ಮಧು ಮಾಡ್ಕೊಟ್ಟಿದ್ದಲ್ಲ ಕಣ್ರೀ, ನನ್ನ ಕಂಡ್ರೆ ಓಡೋಯ್ತದೆ" ಎಂದು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿದ್ದೇನೆ. ಸುಳ್ಳು ಹೇಳಿ ಅಭ್ಯಾಸವಿಲ್ಲ, ಒಂದು ದಿನ ವೈರು ಕೆಡುತ್ತದೆ, ಇನ್ನೊಂದು ದಿನ ಫ್ಯಾನು.

ಶುಕ್ರವಾರ ಸಿಪಿಯುವನ್ನು ಹಳೇ ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆ. ತೆರಕಣಾಂಬಿಯಲ್ಲಿ ಹತ್ತಿದ ಹೆಂಗಸೊಬ್ಬಳು "ಏನ್ ಸಾಮಿ ಅದು, ಕುಕ್ಕರಾ?" ಎಂದಳು, ನಗಲೂ ಆಗಲಿಲ್ಲ. ನಮ್ಮ ಕಚೇರಿಗೆ ಪ್ರಿಂಟರ್ ರಿಪೇರಿಗೆ ಬರುತ್ತಿದ್ದ ದೇವರಾಜು ತನ್ನ ಅಂಗಡಿಯಲ್ಲಿ ನನ್ನ ನಾಶಪಟ್ಟಿಯನ್ನು ಮುಂದಿಟ್ಟುಕೊಂಡು ಮೂರು ಗಂಟೆ ಹುಡುಕಿದ. "ಅಳಿಸಿದ್ ಮ್ಯಾಲೆ ಸುಮ್ಕಿದ್ದಿದ್ರೆ ಸಿಕ್ಕೋದು ಸಾ, ನೀವು ಅದ್ರ ಮ್ಯಾಲೆ ಬ್ಯಾರೆ ಫೈಲೆಲ್ಲಾ ತುಂಬ್ಬುಟ್ಟಿದ್ದೀರಿ. ಪಟ್ಟಿ ಮಾತ್ರ ಬಲೇ ಚೆಂದಾಗದೆ" ಎಂದ. ಹೊಸದರೊಳಗೆ ಹೋಗಿ ಸಂಖ್ಯೆಗಳನ್ನು ಬದಲಿಸಿದರೆ ಗುಂಡು ನಿಧಾನವಾಗುತ್ತದಂತೆ, ಆದರೆ ಎಷ್ಟಕ್ಕೆ ಬದಲಿಸಬೇಕೆಂಬುದು ಮಾಡಿದವರಿಗೇ ಗೊತ್ತಂತೆ. ತೆರೆದು ನೋಡಿದೆ, ಪರದೆಯ ತುಂಬ ಸಂಖ್ಯೆಗಳ ಚೌಕಗಳು. ಮುಟ್ಟಲು ಭಯವಾಗಿ ಮುಚ್ಚಿದೆ. ಇರುವ ಒಂದನ್ನೂ ಹಾಳುಮಾಡಿದರೆ ಏನು ಗತಿ? ನಿನ್ನ ಬೀರುವಿನಲ್ಲಿ ಸಿಕ್ಕ ಎರಡು ಪೆನ್‌ಡ್ರೈವ್‌ಗಳನ್ನೂ ಹುಡುಕಿದೆ, ಕೇಳದೆ ಬೀರು ತೆಗೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಎರಡರಲ್ಲೂ ಹಾಡುಗಳೇ ಇವೆ.

ನೀನು ಹೆದರಬೇಡ, ಪರೇಡಿನಲ್ಲಿ ಇದನ್ನು ಯೋಚಿಸುತ್ತಾ ಕಾಲು ತಪ್ಪಿಸಬೇಡ. ಹೊಟ್ಟೆ ತುಂಬ ಊಟ ಮಾಡು. ಜೊತೆಯ ಹುಡುಗಿಯರಿಗೆಲ್ಲ ನನ್ನ ಶುಭಾಶಯ ಹೇಳು. ಮಾದಪ್ಪ ನಿನ್ನ ಕಾಲಿಗೂ ಮನಸ್ಸಿಗೂ ಬಲ ಕೊಡಲಿ.

ನಿನ್ನ ಅಪ್ಪಾಜಿ,
ಮಲ್ಲಿಕಾರ್ಜುನಸ್ವಾಮಿ

ಮತ್ತೆ: ಮೂರು ಗಂಟೆಯ ಟಪಾಲಿಗೆ ಹಾಕಬೇಕು, ಆತುರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕೈ ತೊಳೆಸುವಾಗ ಅಮ್ಮನ ಕಿರುಬೆರಳೂ ಅದರ ಪಕ್ಕದ್ದೂ ಬಿಚ್ಚಲಿಲ್ಲ, ನಾನೇ ಬಿಡಿಸಬೇಕಾಯಿತು. ಹೀಗೇ ಬಿಟ್ಟರೆ ಕೈ ಮತ್ತೆ ಮುರುಟಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಎರಡು ಭಾನುವಾರದಿಂದ ಫೋನಿನಲ್ಲಿ "ದಿನಾ ಆಡ್ತಿವ್ನಿ ಕಣಮ್ಮಿ" ಎನ್ನುತ್ತಿದ್ದಾಳಲ್ಲ, ಅದು ಸುಳ್ಳು. ನೀನು ತರಬೇತಿ ಬಿಟ್ಟು ಓಡಿಬರುತ್ತೀಯೆಂದು ಹಾಗೆ ಹೇಳುತ್ತಾಳೆ. ವಾರಕ್ಕೆ ನಿನಗೆ ಕೊಡುವುದು ಐದೇ ನಿಮಿಷ, ಆ ಐದು ನಿಮಿಷಕ್ಕೆ ಅವಳು ಸೋಮವಾರದಿಂದಲೇ ಕಾಯುತ್ತಾಳೆ. ಗೊತ್ತಿದ್ದೂ ಕೇಳುತ್ತಿದ್ದೇನೆ, ಬರುವ ಭಾನುವಾರ ಅವಳ ಹತ್ತಿರ ಮಾತಾಡಬೇಡ, ಫೋನ್ ನನಗೆ ಕೊಡಲು ಹೇಳು. ಇಳಿಜಾರಿಗೆ ಎಷ್ಟು, ಗುಂಡಿನ ವೇಗಕ್ಕೆ ಎಷ್ಟು, ಯಾವ ಚೌಕದಲ್ಲಿ ಯಾವ ಸಂಖ್ಯೆ, ಒಂದೇ ಉಸಿರಿಗೆ ಹೇಳು, ಬರೆದುಕೊಳ್ಳುತ್ತೇನೆ. ಅವಳು ಅತ್ತರೆ ನಾನು ಸಮಾಧಾನ ಮಾಡುತ್ತೇನೆ. ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈಯುವೆಯಂತೆ ಮಗಳೇ, ಆ ಐದು ನಿಮಿಷದಲ್ಲಿ ಬೇಡ.