ಕಿತ್ತಳೆ ನಕ್ಷತ್ರದ ಸುತ್ತ

ಅಪ್ಪಾ,

ಇವತ್ತು ತಾರಾಲಯದಲ್ಲಿ ನಿನ್ನ ಬಾಯಿ ಮುಚ್ಚಿಸಿದೆ. ನೀನು ಇಲ್ಲಿನ ಕೆಲಸ ಬಿಟ್ಟು, ನಮ್ಮನ್ನು ಬಿಟ್ಟು, ಕೊನೆಗೆ ಲೋಕವನ್ನೇ ಬಿಟ್ಟು ಹೋದರೂ ನಿನ್ನ ಧ್ವನಿಮುದ್ರಣ ಗುಮ್ಮಟದ ಕತ್ತಲಲ್ಲಿ ದಿನವೂ ಮಾತಾಡುತ್ತಿದೆ. ಪ್ರದರ್ಶನ ನಡೆಸುವವಳು ಈಗ ನಾನು.

ನಮಗೆ ಹತ್ತಿರದ ಆ ಕಿತ್ತಳೆ ನಕ್ಷತ್ರ ಬಂದಾಗ ಎಷ್ಟು ಗತ್ತಿನಿಂದ ಹೇಳುತ್ತೀಯ: "ಇದು ಒಂಟಿ ನಕ್ಷತ್ರ. ಇದರ ಸುತ್ತ ಏನೂ ಇಲ್ಲ." ಒಡೆದ ಕಲ್ಲು, ಮಂಜುಗಡ್ಡೆ, ಧೂಳು ಸೇರಿದ ದೊಡ್ಡ ಬಳೆಯೇ ಅದರ ಸುತ್ತ ಇದೆಯೆಂದು ಗೊತ್ತಾಗಿ ವರ್ಷಗಳೇ ಕಳೆದಿವೆ.

"ತಪ್ಪು ತಿದ್ದಮ್ಮ. ನಿಮ್ಮಪ್ಪ ಹೇಳಿದ್ದು ಅಂತ ಹಾಗೇ ಬಿಟ್ಕೊಂಡು ಕೂತಿದೀಯಾ?" ಎಂದರು ಮೇಲ್ವಿಚಾರಕರು. ಮೈಯೆಲ್ಲ ಉರಿದುಹೋಯಿತು.

ಊರ ಮಕ್ಕಳಿಗೆಲ್ಲ "ಪುಟಾಣಿಗಳೇ, ತಲೆ ಎತ್ತಿ ನೋಡಿ" ಎಂದು ಬೆಣ್ಣೆಯಂಥ ಮಾತು. ಅಮ್ಮ ಫೋನ್ ಮಾಡಿದರೆ ಮಾತ್ರ ನೀನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೋದ ಊರಿನಲ್ಲಿ ಸಂಸಾರದ ಬಗ್ಗೆ ಕೇಳಿದವರಿಗೆ "ಯಾರೂ ಇಲ್ಲ" ಎಂದೆಯಂತೆ. ನಿನ್ನ ಕಣ್ಣಿಗೆ ಬೀಳದಿದ್ದರೆ ಇಲ್ಲವೆಂದೇ ಅರ್ಥ, ಅಲ್ಲವೇ?

ಆ ಮಾತು ಕತ್ತರಿಸಿ ಎಸೆದೆ. "ಇದರ ಸುತ್ತ ಧೂಳಿದೆ, ಬೇಕಾದಷ್ಟಿದೆ" ಎಂದು ನನ್ನ ದನಿ ಸೇರಿಸಿದೆ.

ಧ್ವನಿಮುದ್ರಣದಲ್ಲಿ ಆ ಮಾತಿಗೆ ಸ್ವಲ್ಪ ಮೊದಲು ನೀನೊಮ್ಮೆ ಕೆಮ್ಮುತ್ತೀಯ. ಗೇಟಿನ ಬಳಿ ಆ ಕೆಮ್ಮು ಕೇಳಿದರೆ ಸಾಕು, ಅಮ್ಮ ಟೀಗೆ ನೀರಿಡುತ್ತಿದ್ದಳು.

"ಅದನ್ನೂ ಅಳಿಸಿಬಿಡು" ಎಂದರು ಮೇಲ್ವಿಚಾರಕರು.

"ಅದನ್ನ ಮುಟ್ಬೇಡಿ!" ಎಂದು ಎಲ್ಲರೆದುರೇ ಅವರ ಮೇಲೆ ರೇಗಿಬಿಟ್ಟೆ.